ಕೋಳಿಗಳ ಕಣ್ಣು ಮತ್ತು ಉಸಿರಿನ ರೋಗಗಳು: ಗ್ರಾಮಸಭೆಗಳ ಮನೆಗಳಿಗೆ ಒಂದು ಪಾಠ



ನೀತಿವಂತನ ಗುರುತುಗಳಲ್ಲಿ ಒಂದನ್ನು ಜ್ಞಾನೋಕ್ತಿಗಳ ೧೨ನೆಯ ಅಧ್ಯಾಯವು ಅವನ ಕೊಟ್ಟಿಗೆಯಲ್ಲಿಯೇ ನಮಗೆ ತೋರಿಸುತ್ತದೆ. ಅವನು ತನ್ನ ಮೂಕಪ್ರಾಣಿಗಳ ಸುಖದುಃಖವನ್ನು ಬಲ್ಲವನಾಗಿರುತ್ತಾನೆ. ನಮ್ಮ ಕರ್ತನಾದರೋ ಯೆರೂಸಲೇಮಿನ ಮೇಲಿದ್ದ ತನ್ನ ಪ್ರೀತಿಯನ್ನು ತಿಳಿಸುವದಕ್ಕೆ, ಮರಿಗಳನ್ನು ರೆಕ್ಕೆಗಳ ಕೆಳಗೆ ಕೂಡಿಸಿಕೊಳ್ಳುವ ಹೇಂಟೆಯ ಹೋಲಿಕೆಯನ್ನು ಆರಿಸಿಕೊಂಡನು. ಆದುದರಿಂದ ಹಿತ್ತಲಿನ ಕೋಳಿಗಳ ವಿಷಯವು ಸಭೆಯ ಪತ್ರಿಕೆಗೆ ತಕ್ಕದ್ದಲ್ಲವೆಂದು ಯಾರೂ ಎಣಿಸಬಾರದು.

ಇದಲ್ಲದೆ, ನಮ್ಮ ಹಳ್ಳಿಯ ಮನೆಗಳಲ್ಲಿ ದನವೂ ಹೊಲವೂ ಗಂಡಸರ ಕೈಯಲ್ಲಿದ್ದರೂ ಕೋಳಿಗಳು ಹೆಚ್ಚಾಗಿ ತಾಯಂದಿರ ಸೊತ್ತಾಗಿವೆ. ಮಗುವಿನ ಪುಸ್ತಕಕ್ಕೆ, ಜ್ವರ ಬಂದವರ ಔಷಧಕ್ಕೆ, ಭಾನುವಾರದ ಕಾಣಿಕೆಗೆ ಬೇಕಾಗುವ ಹಣವು ಎಷ್ಟೋ ಸಾರಿ ತತ್ತಿಯ ಬುಟ್ಟಿಯಿಂದಲೇ ಹುಟ್ಟುತ್ತದೆ. ಐದಾರು ಹೇಂಟೆಗಳು ಸತ್ತರೆ ಧನಿಕನಿಗೆ ಅದು ಅಲ್ಪನಷ್ಟ. ಬಡ ವಿಧವೆಗೆ ಒಂದು ವರ್ಷದ ಆಧಾರವೇ ಹೋದಂತೆ.

ಈ ಪಾಠವನ್ನು ಬರೆಯುವದಕ್ಕೆ ನಮ್ಮನ್ನು ಪ್ರೇರಿಸಿದ ಒಂದು ಸಂಗತಿಯನ್ನು ಮೊದಲು ಹೇಳುತ್ತೇವೆ. ಒಂದು ಗ್ರಾಮಸಭೆಯ ಸುಗ್ಗಿಯ ಹಬ್ಬದಲ್ಲಿ ಒಬ್ಬ ಸಹೋದರನು ಒಂದು ಹೇಂಟೆಯನ್ನು ಕಾಣಿಕೆಯಾಗಿ ತಂದನು. ಅದರ ಒಂದು ಕಣ್ಣಿನ ಮೂಲೆಯಲ್ಲಿ ನೊರೆ ಇತ್ತು, ಆಗಾಗ ಸೀನುತ್ತಿತ್ತು. ಇದನ್ನು ನಾವೂ ಕಂಡೆವು, ಆದರೆ ದಾರಿಯ ಧೂಳೆಂದು ಸುಮ್ಮನಿದ್ದೆವು. ಏಲಮಿನಲ್ಲಿ ಒಬ್ಬ ವಿಧವೆಯು ಸಂತೋಷದಿಂದ ಅದನ್ನು ಕೊಂಡು ಮನೆಗೆ ಒಯ್ದು ತನ್ನ ಒಂಬತ್ತು ಕೋಳಿಗಳ ಜೊತೆಯಲ್ಲಿ ಬಿಟ್ಟಳು. ಮೂರು ವಾರಗಳೊಳಗೆ ಅವಳ ಗೂಡಿನಲ್ಲೆಲ್ಲಾ ಗೊರಗೊರ ಶಬ್ದವು ಹುಟ್ಟಿತು, ತತ್ತಿಗಳು ನಿಂತುಹೋದವು, ನಾಲ್ಕು ಕೋಳಿಗಳು ಸತ್ತವು. ಯಾರಲ್ಲಿಯೂ ಕಪಟವಿರಲಿಲ್ಲ, ತಿಳುವಳಿಕೆಯ ಕೊರತೆ ಇತ್ತು. ಆದರೆ ನಷ್ಟವು ಅವಳದಾಯಿತು. ಆ ದಿನ ನಮಗೆ ತಿಳಿದಿರಬೇಕಾಗಿದ್ದದ್ದನ್ನೇ ಈಗ ವಾಚಕರ ಮುಂದೆ ಇಡುತ್ತೇವೆ.

೧. ಕೋಳಿಗಳನ್ನು ನೋಡುವ ಕ್ರಮ

ರೋಗವನ್ನು ಗುರುತಿಸಬೇಕಾದರೆ ಮೊದಲು ಆರೋಗ್ಯವನ್ನು ಬಲ್ಲವರಾಗಿರಬೇಕು. ಆರೋಗ್ಯವುಳ್ಳ ಕೋಳಿಯ ಕಣ್ಣು ದುಂಡಗಾಗಿಯೂ ಹೊಳೆಯುವದಾಗಿಯೂ ಒದ್ದೆಯಿಲ್ಲದ ಅಂಚುಳ್ಳದ್ದಾಗಿಯೂ ಇರುತ್ತದೆ. ಎರಡು ರೆಪ್ಪೆಗಳ ಒಳಗಡೆ ತೆಳುವಾದ ಮೂರನೆಯ ಪೊರೆಯೊಂದು ಕಣ್ಣಿನ ಮೇಲೆ ಅಡ್ಡವಾಗಿ ಹರಿದು ಹೋಗುವದನ್ನು ಕಂಡು ಭಯಪಡಬಾರದು; ಅದು ಧೂಳನ್ನು ಒರಸುವದಕ್ಕಾಗಿ ಸೃಷ್ಟಿಕರ್ತನು ಕೊಟ್ಟ ಒಳರೆಪ್ಪೆ. ಮೂಗಿನ ಹೊಳ್ಳೆಗಳು ಒಣಗಿ ಶುದ್ಧವಾಗಿರಬೇಕು. ಕೊಕ್ಕು ಮುಚ್ಚಿದ್ದು ಉಸಿರು ಶಬ್ದವಿಲ್ಲದೆ ಆಡಬೇಕು. ಕೋಳಿಗೆ ಬೆವರುವ ಶಕ್ತಿ ಇಲ್ಲದ್ದರಿಂದ ಬೇಸಗೆಯ ಮಧ್ಯಾಹ್ನದಲ್ಲಿ ಅದು ಬಾಯಿ ತೆರೆದು ತೇಕುತ್ತದೆ. ನೆರಳೂ ತಣ್ಣೀರೂ ಸಿಕ್ಕಿದ ಮೇಲೆ ತೇಕುವದು ನಿಂತರೆ ಅದು ರೋಗವಲ್ಲ. ತಂಪಾದ ಬೆಳಗಿನಲ್ಲಿಯೂ ಬಾಯಿ ತೆರೆದೇ ಇದ್ದರೆ ರೋಗವೆಂದು ತಿಳಿಯಬೇಕು.

ನೋಡುವದಕ್ಕೆ ಉತ್ತಮವಾದ ಹೊತ್ತುಗಳು ಎರಡು. ಬೆಳಿಗ್ಗೆ ಗೂಡಿನ ಬಾಗಿಲನ್ನು ತೆರೆದಾಗ ಯಾವದು ಹಿಂದೆ ಉಳಿಯುತ್ತದೆ, ಯಾವದು ಕಾಳಿಗೆ ಓಡಿಬರುವದಿಲ್ಲ ಎಂಬದನ್ನು ನೋಡಿರಿ. ರಾತ್ರಿ ಎಲ್ಲವೂ ಕೂತು ನಿಶ್ಶಬ್ದವಾದ ಮೇಲೆ ದೀಪವಿಲ್ಲದೆ ಗೂಡಿನ ಬಳಿಯಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿರಿ. ಹಗಲಿನಲ್ಲಿ ಗದ್ದಲದಿಂದ ಮರೆಯಾಗುವ ಸೀನು, ಗೊರಗೊರ ಶಬ್ದ, ಸಿಳ್ಳಿನಂತಹ ಉಸಿರು ರಾತ್ರಿಯಲ್ಲಿ ಸ್ಪಷ್ಟವಾಗಿ ಕೇಳಬರುವವು. ಕೋಳಿಯು ಬಲಹೀನತೆಯನ್ನು ಕೂಡಿದಷ್ಟು ಅಡಗಿಸುವ ಪ್ರಾಣಿಯಾದ್ದರಿಂದ, ಗರಿಗಳನ್ನು ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಮೂಲೆಯಲ್ಲಿ ನಿಲ್ಲುವ ಹೊತ್ತಿಗೆ ರೋಗವು ಬಹಳ ಮುಂದುವರಿದಿರುತ್ತದೆ.

೨. ಒಂದರಿಂದೊಂದಕ್ಕೆ ಅಂಟದ ತೊಂದರೆಗಳು

ಒಂದು ಕೋಳಿಯ ಒಂದೇ ಕಣ್ಣು ಫಕ್ಕನೆ ಮುಚ್ಚಿಕೊಂಡು, ಉಳಿದ ಕೋಳಿಗಳೆಲ್ಲಾ ಚೆನ್ನಾಗಿದ್ದರೆ, ಮೊದಲು ಗಾಯವನ್ನು ಹುಡುಕಬೇಕು. ಮುಳ್ಳು, ಭತ್ತದ ಸುಂಕು, ಇನ್ನೊಂದರ ಕುಕ್ಕು ಇವುಗಳಿಂದ ಕಣ್ಣು ಕೆಡುವದುಂಟು. ಕೋಳಿಯನ್ನು ಬಟ್ಟೆಯಲ್ಲಿ ಸುತ್ತಿ ಬೆಳಕಿನಲ್ಲಿ ರೆಪ್ಪೆಯನ್ನು ಮೆಲ್ಲಗೆ ಬಿಡಿಸಿ ನೋಡಿರಿ.

ಅನೇಕ ಕೋಳಿಗಳ ಎರಡೂ ಕಣ್ಣುಗಳಲ್ಲಿ ನೀರು ಸುರಿಯುತ್ತಾ ರೆಪ್ಪೆ ಕೆಂಪಾಗಿದ್ದರೆ, ಗೂಡಿನ ಗಾಳಿಯನ್ನು ಪರೀಕ್ಷಿಸಿರಿ. ಒದ್ದೆಯಾದ ಹಿಕ್ಕೆಯಿಂದ ಅಮೋನಿಯಾ ಎಂಬ ಘಾಟಿನ ವಾಯುವು ಏಳುತ್ತದೆ. ನೀವು ನಿಂತುಕೊಂಡಲ್ಲ, ಕೂತುಕೊಂಡು, ಕೋಳಿಯ ತಲೆ ಇರುವಷ್ಟು ತಗ್ಗಿನಲ್ಲಿ ಮೂಸಿ ನೋಡಬೇಕು. ನಿಮ್ಮ ಕಣ್ಣು ಉರಿದರೆ ರಾತ್ರಿಯೆಲ್ಲಾ ಅಲ್ಲಿಯೇ ಇರುವ ಕೋಳಿಯ ಅವಸ್ಥೆ ಏನೆಂದು ತಿಳಿದುಕೊಳ್ಳಿರಿ. ಈ ಘಾಟು ಗಂಟಲಿನ ಒಳಪೊರೆಯನ್ನು ಸುಟ್ಟು ಬೇರೆ ರೋಗಗಳಿಗೆ ಬಾಗಿಲು ತೆರೆಯುತ್ತದೆ. ಅಡಿಗೆಯ ಮನೆಯ ಗೋಡೆಗೆ ಅಂಟಿಸಿ ಕಟ್ಟಿದ ಗೂಡಿನಲ್ಲಿ ಹೊಗೆಯೂ ಹೀಗೆಯೇ ಕೇಡು ಮಾಡುತ್ತದೆ.

ಮಳೆಗಾಲದಲ್ಲಿ ಬೂಷ್ಟು ಹಿಡಿದ ಹುಲ್ಲನ್ನೋ ತೌಡನ್ನೋ ಮರಿಗಳ ಕೆಳಗೆ ಹಾಸಿದರೆ ಅದರ ಕಣ್ಣಿಗೆ ಕಾಣದ ಧೂಳು ಶ್ವಾಸಕೋಶಗಳೊಳಗೆ ಹೋಗಿ ಬೆಳೆಯುತ್ತದೆ. ಮರಿಗಳು ಹೆಚ್ಚು ಶಬ್ದವಿಲ್ಲದೆ ಬಾಯಿ ತೆರೆದು ತೆರೆದು ಸಾಯುತ್ತವೆ. ಇದಕ್ಕೆ ಹಿತ್ತಲಿನಲ್ಲಿ ಮಾಡತಕ್ಕ ಚಿಕಿತ್ಸೆ ಇಲ್ಲ; ಬೂಷ್ಟನ್ನು ಹತ್ತಿರಕ್ಕೆ ಬರಗೊಡದಿರುವದೇ ಉಪಾಯ.

ಇನ್ನೊಂದು ಕಾರಣವು ಆಹಾರದಲ್ಲಿದೆ. ಅಕ್ಕಿಯ ನುಚ್ಚು, ಬಿಳೀ ಜೋಳ ಮುಂತಾದ ಬಿಳೀ ಕಾಳುಗಳನ್ನೇ ತಿಂದು, ಹಸುರು ಸೊಪ್ಪನ್ನು ಕಾಣದೆ ಮುಚ್ಚಿದ ಗೂಡಿನಲ್ಲಿ ಬೆಳೆಯುವ ಕೋಳಿಗಳಿಗೆ ‘ಎ’ ಜೀವಸತ್ವವು ಸಾಲದೆ ಹೋಗುತ್ತದೆ. ಆಗ ರೆಪ್ಪೆಗಳು ಅಂಟಿಕೊಂಡು ಒಳಗೆ ಗಿಣ್ಣಿನಂತಹ ಬಿಳೀ ಗಟ್ಟಿ ಪದಾರ್ಥವು ಕೂಡುತ್ತದೆ. ಬಾಯಿ ತೆರೆದು ನೋಡಿದರೆ ಗಂಟಲಲ್ಲಿ ಬಿಳೀ ಸಣ್ಣ ಗುಳ್ಳೆಗಳು ಕಾಣಬಹುದು. ನುಗ್ಗೆ ಸೊಪ್ಪು, ಹರಿವೆ ಸೊಪ್ಪು, ಹಣ್ಣಾದ ಪಪಾಯಿ, ಹಳದಿ ಮೆಕ್ಕೆಜೋಳ ಇವುಗಳಲ್ಲಿ ಈ ಕೊರತೆಯನ್ನು ನೀಗುವ ಸತ್ವವಿದೆ. ನಮ್ಮ ಹಿತ್ತಲಿನ ನುಗ್ಗೆಯ ಮರದಲ್ಲಿ ಔಷಧವು ತೂಗುತ್ತಿರುವಾಗ ಕೋಳಿಯು ಕುರುಡಾಗಿ ಸಾಯುವದು ದುಃಖದ ಸಂಗತಿಯಲ್ಲವೋ?

ಕಡೆಯದಾಗಿ ಹುಳಗಳು. ಕಣ್ಣಿನ ಸುತ್ತಲೂ ಜುಟ್ಟಿನ ಮೇಲೆಯೂ ಕಪ್ಪು ಚುಕ್ಕೆಗಳಂತೆ ಚಿಗಟಗಳು ಕಚ್ಚಿ ಕೂತಿರುವದುಂಟು. ಒಳರೆಪ್ಪೆಯ ಕೆಳಗೆ ನೂಲಿನಂತಹ ಸಣ್ಣ ಹುಳಗಳು ವಾಸಿಸುವದೂ ಉಂಟು. ಇವು ಜಿರಲೆಗಳನ್ನು ತಿನ್ನುವದರಿಂದ ಕೋಳಿಗೆ ಬರುತ್ತವೆ. ಕೋಳಿಯು ಕಾಲಿನಿಂದ ಪದೇ ಪದೇ ಕಣ್ಣನ್ನು ಕೆರೆದುಕೊಳ್ಳುತ್ತಿದ್ದರೆ ಇವುಗಳನ್ನು ಹುಡುಕಿ, ತೆಗೆಯುವ ಕೆಲಸವನ್ನು ಪಶುವೈದ್ಯರಿಗೆ ಬಿಡಬೇಕು.

೩. ಅಂಟುರೋಗಗಳು

ಒಂದು ಕೋಳಿಯಿಂದ ಇನ್ನೊಂದಕ್ಕೆ ಹರಡುವ ರೋಗಗಳಲ್ಲಿ ಐದನ್ನು ಎಲ್ಲರೂ ತಿಳಿದಿರಬೇಕು.

ಮೊದಲನೆಯದು ಕೊರೈಜಾ ಎಂಬ ಕೆಟ್ಟ ನೆಗಡಿ. ಇದು ಸೂಕ್ಷ್ಮಾಣುವಿನಿಂದ ಹುಟ್ಟುವದು. ಒಂದರಿಂದ ಮೂರು ದಿನಗಳೊಳಗೆ ಹರಡುವಷ್ಟು ತೀವ್ರವಾದದ್ದು. ಮೂಗಿನಿಂದ ಅಂಟಾದ ದ್ರವವು ಸುರಿಯುತ್ತದೆ, ಕಣ್ಣಿನ ಕೆಳಗಡೆ ಮುಖವು ಬಾತುಕೊಂಡು ಕಣ್ಣು ಮುಚ್ಚಿಹೋಗುತ್ತದೆ, ಹತ್ತಿರ ಹೋದರೆ ದುರ್ವಾಸನೆ ಬರುತ್ತದೆ. ಬಾತ ಮುಖವೂ ದುರ್ವಾಸನೆಯೂ ಒಂದಾಗಿ ಕಂಡರೆ ಇದನ್ನೇ ಮೊದಲು ನೆನಸಬೇಕು.

ಎರಡನೆಯದು ಮೈಕೋಪ್ಲಾಸ್ಮಾ ಎಂಬ ಅಣುಜೀವಿಯಿಂದ ಬರುವ ದೀರ್ಘಕಾಲದ ಉಸಿರುರೋಗ. ಸುಗ್ಗಿಯ ಹಬ್ಬದ ಆ ಹೇಂಟೆಯ ಚಿಹ್ನೆಗಳು ಇದಕ್ಕೆ ಸರಿಹೊಂದುತ್ತಿದ್ದವು. ಇದು ನಿಧಾನವಾಗಿ ಬರುತ್ತದೆ, ವಾರಗಟ್ಟಲೆ ನಿಲ್ಲುತ್ತದೆ. ಕಣ್ಣಿನ ಮೂಲೆಯಲ್ಲಿ ಸಾಬೂನಿನ ಗುಳ್ಳೆಗಳಂತಹ ನೊರೆ, ರಾತ್ರಿಯಲ್ಲಿ ಗೊರಗೊರ ಶಬ್ದ, ತತ್ತಿ ಕಡಿಮೆಯಾಗುವದು, ಮೈ ಇಳಿಯುವದು, ಇವೇ ಚಿಹ್ನೆಗಳು. ಔಷಧದಿಂದ ಕೋಳಿಯು ಗುಣವಾದಂತೆ ಕಂಡರೂ ರೋಗಬೀಜವು ಅದರೊಳಗೆ ಉಳಿಯುತ್ತದೆ. ತಾಯಿಯಿಂದ ತತ್ತಿಯ ಮೂಲಕ ಮರಿಗೂ ಇಳಿಯುತ್ತದೆ. ಆದಕಾರಣ ಇಂಥಾ ಹೇಂಟೆಯ ತತ್ತಿಗಳನ್ನು ಕಾವಿಗೆ ಇಡಬಾರದು.

ಮೂರನೆಯದು ಕೋಳಿ ಸಿಡುಬು. ಇದು ಸೊಳ್ಳೆಗಳ ಕಡಿತದಿಂದ ಹರಡುವದು. ಜುಟ್ಟು, ರೆಪ್ಪೆ, ಕೊಕ್ಕಿನ ಬುಡ ಮುಂತಾದ ಗರಿಯಿಲ್ಲದ ಸ್ಥಳಗಳಲ್ಲಿ ಗುಳ್ಳೆಗಳೆದ್ದು ಕಪ್ಪು ಹಕ್ಕಳೆಗಳಾಗುವವು. ಮೂರು ನಾಲ್ಕು ವಾರಗಳಲ್ಲಿ ಅವು ತಾವೇ ಉದುರುವವು. ಆದರೆ ರೆಪ್ಪೆಗಳು ಮುಚ್ಚಿಹೋದ ಕೋಳಿಯು ಕಾಳನ್ನು ಕಾಣದೆ ಹಸಿವೆಯಿಂದ ಸಾಯಬಹುದು. ರೋಗವು ಬಾಯಿ ಗಂಟಲುಗಳ ಒಳಗೆ ಹಳದಿ ಪೊರೆಯಾಗಿ ಬೆಳೆದರೆ ಉಸಿರು ಕಟ್ಟುವ ಭಯವುಂಟು.

ನಾಲ್ಕನೆಯದು ಹಳ್ಳಿಗಳನ್ನು ಬರಿದು ಮಾಡುವ ಕೊಕ್ಕರೆರೋಗ. ಉತ್ತರದೇಶದ ಕುಮಾವೂ ಬೆಟ್ಟಗಳಲ್ಲಿರುವ ರಾಣಿಖೇತ ಎಂಬ ಊರಲ್ಲಿ ೧೯೨೭ರಲ್ಲಿ ಕಂಡುಬಂದದ್ದರಿಂದ ಇದಕ್ಕೆ ನಮ್ಮ ದೇಶದಲ್ಲಿ ರಾಣಿಖೇತ ರೋಗವೆಂಬ ಹೆಸರಾಯಿತು. ಅದಕ್ಕೆ ಒಂದು ವರ್ಷ ಮುಂಚೆ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಬಳಿಯಲ್ಲಿಯೂ ಜಾವಾ ದ್ವೀಪದಲ್ಲಿಯೂ ಇದೇ ರೋಗವು ಕಂಡುಬಂದಿತ್ತು. ಮೊದಲು ಉಸಿರಿಗೆ ಬಾಯಿ ತೆರೆಯುವದು, ಕೆಮ್ಮು, ಕಣ್ಣಿನ ಸುತ್ತಲೂ ಬಾವು. ಸಂಗಡವೇ ಹಸುರು ಬಣ್ಣದ ನೀರು ಹಿಕ್ಕೆ. ತರುವಾಯ ಕತ್ತು ತಿರುಚಿಕೊಳ್ಳುವದು, ರೆಕ್ಕೆ ಕಾಲುಗಳು ಬಿದ್ದುಹೋಗುವದು. ಲಸಿಕೆಯಿಲ್ಲದ ಹಿಂಡಿನಲ್ಲಿ ಕೆಲವು ದಿನಗಳೊಳಗೆ ಬಹುಭಾಗವು, ಕೆಲವೊಮ್ಮೆ ಎಲ್ಲವೂ, ಸಾಯುವವು. ಇದು ವೈರಾಣುವಿನಿಂದ ಬರುವದಾದ್ದರಿಂದ ಇದನ್ನು ಗುಣಮಾಡುವ ಔಷಧವು ಯಾರ ಬಳಿಯಲ್ಲಿಯೂ ಇಲ್ಲ. ರೋಗದ ಕೋಳಿಯನ್ನು ಮುಟ್ಟಿದ ಕೈಯಿಂದ ಕಣ್ಣನ್ನು ಒರಸಿಕೊಂಡರೆ ಮನುಷ್ಯರಿಗೂ ಕೆಲವು ದಿನ ಕಣ್ಣುಬೇನೆ ಬರಬಹುದು.

ಐದನೆಯದು ಹಕ್ಕಿಜ್ವರ. ನಮ್ಮ ದೇಶದಲ್ಲಿ ಇದು ೨೦೦೬ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲಾಗಿ ಕಂಡುಬಂದಿತು. ೨೦೧೨ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿಯೂ ಕಾಣಿಸಿಕೊಂಡಿತು. ತಲೆ ಬಾತು, ಜುಟ್ಟು ನೀಲಿಯಾಗಿ, ಅನೇಕ ಕೋಳಿಗಳು ಒಟ್ಟಿಗೆ ಫಕ್ಕನೆ ಸತ್ತರೆ ಅವುಗಳನ್ನು ಮುಟ್ಟದೆ ಆ ದಿನವೇ ಪಶುವೈದ್ಯಶಾಲೆಗೆ ತಿಳಿಸಬೇಕು. ಇದು ಮನುಷ್ಯರಿಗೂ ಪ್ರಾಣಾಪಾಯವನ್ನು ತರಬಹುದಾದ ರೋಗ. ಹೊರಗಿನ ಚಿಹ್ನೆಗಳಿಂದ ಇದನ್ನು ಕೊಕ್ಕರೆರೋಗದಿಂದ ಬೇರೆ ಮಾಡಿ ಹೇಳುವದು ಪರೀಕ್ಷಾಶಾಲೆಯ ಹೊರತು ಯಾರಿಂದಲೂ ಆಗದು.

೪. ರೋಗದ ಕೋಳಿಯ ಶುಶ್ರೂಷೆ

ಕಾರಣವು ಯಾವದೆಂದು ತಿಳಿಯುವದಕ್ಕೆ ಮುಂಚೆಯೇ ಮಾಡತಕ್ಕ ಕೆಲಸವೊಂದುಂಟು. ಸೀನುವ ಅಥವಾ ಕಣ್ಣು ಕೆಟ್ಟ ಕೋಳಿಯನ್ನು ಕಂಡ ಸಂಜೆಯೇ ಬೇರೆ ಮಾಡಿರಿ. ನಾಳೆ ನೋಡೋಣವೆಂದು ಹೇಳಬೇಡಿರಿ. ಆ ಒಂದು ರಾತ್ರಿಯಲ್ಲಿ ಒಂದೇ ಗೂಡಿನ ಉಸಿರೂ ಒಂದೇ ಬಟ್ಟಲಿನ ನೀರೂ ರೋಗವನ್ನು ಎಲ್ಲವುಗಳಿಗೂ ಹಂಚುವವು. ಮಂಕರಿಯ ಕೆಳಗಾಗಲಿ ಹಳೇ ಪೆಟ್ಟಿಗೆಯಲ್ಲಾಗಲಿ, ಉಳಿದ ಕೋಳಿಗಳಿಂದ ದೂರವಾಗಿ, ಬೆಚ್ಚಗೆ, ಒಣ ಹಾಸಿನ ಮೇಲೆ, ಗಾಳಿಯಾಡುವಂತೆ ಇಡಿರಿ. ಅದಕ್ಕೆ ಬೇರೆ ಬಟ್ಟಲು ಬೇಕು. ಪ್ರತಿದಿನವೂ ಆರೋಗ್ಯವುಳ್ಳವುಗಳಿಗೆ ಮೊದಲು ಮೇವು ಹಾಕಿ, ರೋಗದ್ದಕ್ಕೆ ಕಡೆಯಲ್ಲಿ ಹಾಕಿ, ಬಳಿಕ ಸಾಬೂನಿನಿಂದ ಕೈತೊಳೆಯಬೇಕು. ಈ ಕ್ರಮವನ್ನು ತಿರುಗಿಸಿದರೆ ನಮ್ಮ ಕೈಯೇ ರೋಗವನ್ನು ಹೊತ್ತುಕೊಂಡು ಹೋಗುವದು.

ಕಣ್ಣನ್ನು ತೊಳೆಯುವದು ಹೀಗೆ. ಅರ್ಧ ಲೀಟರು ನೀರನ್ನು ಕುದಿಸಿ, ಮಟ್ಟವಾದ ಒಂದು ಚಹಾ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪನ್ನು ಅದರಲ್ಲಿ ಕರಗಿಸಿ, ಉಗುರು ಬೆಚ್ಚಗಾಗುವ ತನಕ ಆರಿಸಿರಿ. ಶುದ್ಧವಾದ ಬಟ್ಟೆಯ ತುಂಡನ್ನು ಅದರಲ್ಲಿ ಅದ್ದಿ ಮುಚ್ಚಿದ ಕಣ್ಣಿನ ಮೇಲೆ ಕೆಲವು ನಿಮಿಷ ಇಟ್ಟರೆ ಹಕ್ಕಳೆಯು ಮೃದುವಾಗುವದು. ಆಮೇಲೆ ಮೂಗಿನ ಕಡೆಯಿಂದ ಹೊರಗಡೆಗೆ ಮೆಲ್ಲಗೆ ಒರಸಿರಿ. ಒಳಗಿನ ಗಿಣ್ಣಿನಂತಹ ಪದಾರ್ಥವು ತಾನಾಗಿ ಜಾರಿ ಬಂದರೆ ತೆಗೆಯಿರಿ, ಅಂಟಿಕೊಂಡಿದ್ದರೆ ಕೀಳಬೇಡಿರಿ. ದಿನಕ್ಕೆ ಎರಡು ಮೂರು ಸಾರಿ ಹೀಗೆ ಮಾಡಿ, ಬಟ್ಟೆಯನ್ನು ಸುಟ್ಟುಬಿಡಿರಿ. ಸಿಡುಬಿನ ಹಕ್ಕಳೆಗಳನ್ನಾದರೋ ಕೀಳಲೇ ಬಾರದು. ಜುಟ್ಟಿನ ಮೇಲಿರುವವುಗಳಿಗೆ ಅಯೊಡಿನ್ ಹಚ್ಚಬಹುದು, ಕಣ್ಣಿಗೆ ತಗಲಗೊಡಬಾರದು.

ಕಣ್ಣು ಮುಚ್ಚಿದ ಕೋಳಿಗೆ ಹಸಿವೆಯೇ ದೊಡ್ಡ ಶತ್ರು. ರಾಗಿಯ ಹಿಟ್ಟನ್ನೋ ಅನ್ನವನ್ನೋ ಮೆತ್ತಗೆ ಕಲಸಿ, ಸಣ್ಣಗೆ ಹೆಚ್ಚಿದ ನುಗ್ಗೆ ಸೊಪ್ಪನ್ನು ಸೇರಿಸಿ, ಕೊಕ್ಕಿಗೆ ಮುಟ್ಟಿಸಿರಿ. ನೀರಿನಲ್ಲಿ ಕೊಕ್ಕಿನ ತುದಿಯನ್ನು ಅದ್ದಿ ತೋರಿಸಿರಿ. ಗುರುತು ಸಿಕ್ಕಿದ ಮೇಲೆ ಅದು ತಾನೇ ತಿನ್ನುವದು.

ಕೊರೈಜಾ, ಮೈಕೋಪ್ಲಾಸ್ಮಾ ಎಂಬ ಎರಡು ರೋಗಗಳಿಗೆ ಸೂಕ್ಷ್ಮಾಣುನಾಶಕ ಔಷಧಗಳುಂಟು. ಆದರೆ ಯಾವ ಔಷಧ, ಎಷ್ಟು, ಎಷ್ಟು ದಿನ ಎಂಬದನ್ನು ಪಶುವೈದ್ಯರೇ ಹೇಳಬೇಕು. ಅವರು ಐದು ದಿನವೆಂದರೆ ಎರಡನೆಯ ದಿನ ಚೇತರಿಸಿತೆಂದು ನಿಲ್ಲಿಸಬಾರದು. ಔಷಧ ಬೆರೆಸಿದ ನೀರನ್ನು ಇಟ್ಟಾಗ ಬೇರೆ ನೀರು ಹಿತ್ತಲಿನಲ್ಲಿ ಎಲ್ಲಿಯೂ ಇರಬಾರದು. ಔಷಧವು ನಡೆಯುವ ದಿನಗಳಲ್ಲಿಯೂ ಆಮೇಲೆ ವೈದ್ಯರು ಹೇಳಿದಷ್ಟು ದಿನಗಳ ವರೆಗೂ ತತ್ತಿಯನ್ನು ತಿನ್ನಲೂ ಮಾರಲೂ ಕೂಡದು. ದಾರಿ ದೂರವಾದರೆ ೧೯೬೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಪಶುವೈದ್ಯ ಇಲಾಖೆಯ ಸಹಾಯವನ್ನು ಕೇಳಬಹುದು.

೫. ಮಾಡಬಾರದ ಕೆಲವು ಸಂಗತಿಗಳು

ಗೊರಗೊರ ಎನ್ನುವ ಕೋಳಿಯ ಬಾಯಿಗೆ ಎಣ್ಣೆಯನ್ನೋ ಕಷಾಯವನ್ನೋ ಸುರಿಯುವ ವಾಡಿಕೆ ಬಹಳ ಮನೆಗಳಲ್ಲಿದೆ. ಕೋಳಿಯ ಶ್ವಾಸನಾಳದ ಬಾಯಿಯು ನಾಲಿಗೆಯ ಹಿಂದೆಯೇ ತೆರೆದಿರುವದರಿಂದ ಸುರಿದದ್ದು ಶ್ವಾಸಕೋಶಕ್ಕೆ ಇಳಿದು, ರೋಗದಿಂದ ಸಾಯದ ಕೋಳಿಯು ಔಷಧದಿಂದ ಸಾಯುವದುಂಟು. ಕಣ್ಣಿಗೆ ಸುಣ್ಣ, ಹೊಗೆಸೊಪ್ಪಿನ ರಸ, ಮೆಣಸಿನ ನೀರು ಹಾಕುವದು ಕ್ರೂರವಾದ ಕೆಲಸ. ಅದು ಇದ್ದ ದೃಷ್ಟಿಯನ್ನೂ ಸುಡುತ್ತದೆ. ಮನುಷ್ಯರಿಗೆ ಕೊಟ್ಟು ಉಳಿದ ಕಣ್ಣಿನ ಮುಲಾಮನ್ನು ಕೇಳದೆ ಹಚ್ಚಬಾರದು. ಯಾಕಂದರೆ ಅವುಗಳಲ್ಲಿ ಕೆಲವದರಲ್ಲಿರುವ ಕ್ಲೋರಾಂಫೆನಿಕಾಲ್ ಎಂಬ ಔಷಧವನ್ನು ನಾವು ತಿನ್ನುವ ಪ್ರಾಣಿಗಳಿಗೆ ಕೊಡಕೂಡದು.

ಇನ್ನೊಂದು ಮಾತನ್ನು ಪ್ರೀತಿಯಿಂದ ಹೇಳಬೇಕಾಗಿದೆ. ಕೋಳಿಗಳು ಒಂದೊಂದಾಗಿ ಬೀಳುವಾಗ ಯಾರದೋ ದೃಷ್ಟಿ ತಗಲಿತೆಂದು ಕೆಲವರು ನೆರೆಯವಳ ಮೇಲೆ ಸಂಶಯಪಡುತ್ತಾರೆ. ಬಿಟ್ಟುಬಂದ ಹರಕೆಯ ಭಯವು ಕೆಲವರ ಮನಸ್ಸಿನಲ್ಲಿ ಮತ್ತೆ ತಲೆಯೆತ್ತುತ್ತದೆ. ಪ್ರಿಯರೇ, ಸೊಳ್ಳೆಯ ಮೂಲಕ ಬಂದ ಸಿಡುಬಿಗೆ ನೆರೆಯವಳ ಕಣ್ಣು ಕಾರಣವಲ್ಲ. ಒದ್ದೆ ಗೂಡಿನಲ್ಲಿ ಹುಟ್ಟಿದ ಘಾಟನ್ನು ತಾಯಿತವು ಓಡಿಸಲಾರದು. ನಮ್ಮ ಸ್ವರ್ಗೀಯ ತಂದೆಯು ಗುಬ್ಬಿಯನ್ನೂ ಮರೆಯುವವನಲ್ಲವೆಂದು ನಂಬುವ ನಾವು ಭಯದಿಂದಲ್ಲ, ತಿಳುವಳಿಕೆಯಿಂದ ನಡೆಯಬೇಕು. ಹಾಗೆಯೇ ಪ್ರಾರ್ಥನೆ ಮಾಡಿದೆವೆಂದು ಗೂಡನ್ನು ಗುಡಿಸದಿರುವದೂ ನಂಬಿಕೆಯಲ್ಲ, ಸೋಮಾರಿತನವೇ.

೬. ತಡೆಯುವ ಮಾರ್ಗ

ಗೂಡು ನೆಲದಿಂದ ಎತ್ತರವಾಗಿಯೂ, ಕೋಳಿಗಳ ತಲೆಯ ಮೇಲ್ಗಡೆಯಲ್ಲಿ ಗಾಳಿ ಹೋಗಿ ಬರುವಂತೆಯೂ, ಮಳೆಯ ಎರಚಲು ಬೀಳದಂತೆಯೂ ಇರಬೇಕು. ಹಿಕ್ಕೆಯನ್ನು ದಿನಾಲು ತೆಗೆದು ಗೊಬ್ಬರದ ಗುಂಡಿಗೆ ಹಾಕಿ ಮುಚ್ಚಿರಿ. ನೀರಿನ ಬಟ್ಟಲನ್ನು ದಿನಾಲು ಉಜ್ಜಿ ತೊಳೆಯಿರಿ. ಸೊಳ್ಳೆ ಹುಟ್ಟುವ ಒಡಕು ಮಡಕೆಗಳನ್ನೂ ತೆಂಗಿನ ಕರಟಗಳನ್ನೂ ಬೋರಲು ಹಾಕಿರಿ. ಸಂತೆಯಿಂದಲೋ ನೆಂಟರ ಮನೆಯಿಂದಲೋ ತಂದ ಕೋಳಿಯನ್ನು, ನಾಟಿಯದಾಗಲಿ ಗಿರಿರಾಜವಾಗಲಿ, ಒಂದು ತಿಂಗಳು ಬೇರೆಯಾಗಿಯೇ ಇಟ್ಟು ನೋಡಿರಿ. ಯಾಜಕಕಾಂಡದ ೧೩ನೆಯ ಅಧ್ಯಾಯದಲ್ಲಿ ಸಂಶಯವುಳ್ಳ ರೋಗಿಯನ್ನು ಏಳು ದಿನ ಪ್ರತ್ಯೇಕಿಸಿ ತಿರುಗಿ ಪರೀಕ್ಷಿಸುವ ವಿಧಿಯನ್ನು ಓದುವ ನಮಗೆ ಈ ಕ್ರಮವು ಹೊಸದೆಂದು ತೋರಬಾರದು.

ಆದರೆ ಕೊಕ್ಕರೆರೋಗವನ್ನು ಶುದ್ಧಿಯೊಂದರಿಂದಲೇ ತಡೆಯಲಾಗದು; ಲಸಿಕೆಯು ಬೇಕು. ಸಾಮಾನ್ಯವಾಗಿ ಮರಿಯು ಒಂದು ವಾರದ್ದಾದಾಗ ಎಫ್ ಅಥವಾ ಲಸೋಟಾ ಎಂಬ ಲಸಿಕೆಯ ಒಂದು ಹನಿಯನ್ನು ಕಣ್ಣಿಗೆ ಬಿಡುತ್ತಾರೆ. ನಾಲ್ಕು ವಾರಗಳ ಸುಮಾರಿಗೆ ಲಸೋಟಾವನ್ನು ಮತ್ತೊಮ್ಮೆ ಬಿಡುತ್ತಾರೆ. ಎಂಟು ವಾರ ತುಂಬಿದ ಮೇಲೆ ಆರ್-೨-ಬಿ ಎಂಬದನ್ನು ಚರ್ಮದ ಕೆಳಗೆ ಚುಚ್ಚುತ್ತಾರೆ. ಸಿಡುಬಿನ ಲಸಿಕೆಯನ್ನು ಆರರಿಂದ ಎಂಟು ವಾರಗಳೊಳಗೆ ರೆಕ್ಕೆಯ ತೆಳು ತೊಗಲಿಗೆ ಹಾಕುತ್ತಾರೆ. ನಮ್ಮ ರಾಜ್ಯದಲ್ಲಿ ಪಶುಪಕ್ಷಿಗಳ ಲಸಿಕೆಗಳನ್ನು ಬೆಂಗಳೂರಿನ ಹೆಬ್ಬಾಳದಲ್ಲಿರುವ ಸರಕಾರದ ಸಂಸ್ಥೆಯಲ್ಲಿಯೇ ತಯಾರಿಸುತ್ತಾರೆ.

ಇಲ್ಲಿ ಒಂದು ಅಡ್ಡಿಯುಂಟು. ಲಸಿಕೆಯ ಒಂದು ಸಣ್ಣ ಸೀಸೆಯಲ್ಲಿ ನೂರು ಅಥವಾ ಹೆಚ್ಚು ಕೋಳಿಗಳಿಗೆ ಸಾಕಾಗುವಷ್ಟು ಇರುತ್ತದೆ. ಅದನ್ನು ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ, ಬರ್ಫ ಹಾಕಿದ ಫ್ಲಾಸ್ಕಿನಲ್ಲಿ ತರಬೇಕು. ಒಮ್ಮೆ ಕಲಸಿದರೆ ಸುಮಾರು ಎರಡು ತಾಸುಗಳೊಳಗೆ ಮುಗಿಸಬೇಕು. ಎಂಟು ಕೋಳಿಗಳಿರುವ ಮನೆಯವಳು ಒಬ್ಬಳೇ ಇದನ್ನು ತರುವದು ಹ್ಯಾಗೆ? ಇದರಿಂದಲೇ ಅನೇಕ ಹಳ್ಳಿಗಳಲ್ಲಿ ಕೋಳಿಗಳಿಗೆ ಲಸಿಕೆಯೇ ಇಲ್ಲ. ಆದರೆ ಹತ್ತು ಹದಿನೈದು ಮನೆಗಳು ಕೂಡಿದರೆ ಒಂದು ಸೀಸೆಯು ಎಲ್ಲರಿಗೂ ಸಾಲುತ್ತದೆ. ಸ್ತ್ರೀಸಮಾಜದವರು ಒಂದು ದಿನವನ್ನು ಗೊತ್ತುಮಾಡಿ, ಕೋಳಿಗಳನ್ನು ಎಣಿಸಿ, ಪಶುವೈದ್ಯಶಾಲೆಗೆ ಮುಂಚಿತವಾಗಿ ತಿಳಿಸಿ, ಕೋಳಿಗಳು ಇನ್ನೂ ಗೂಡಿನಲ್ಲಿರುವ ಬೆಳಗಿನ ಜಾವದಲ್ಲಿ ಮನೆಮನೆಗೆ ಹೋಗಿ ಹನಿ ಬಿಡುವದು ಆಗದ ಕೆಲಸವಲ್ಲ. ಕಣ್ಣಿಗೆ ಬಿಡುವ ಹನಿಯನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ತಿರುಗಿ ಬಿಡುವದು ಹಳ್ಳಿಯ ಕೋಳಿಗಳಿಗೆ ಹಿತ. ರೋಗವು ಆಗಲೇ ಹೊಕ್ಕ ಕೋಳಿಗಳಿಗೆ ಮಾತ್ರ ಲಸಿಕೆಯು ಪ್ರಯೋಜನವಾಗದು.

ಈ ಕೂಟದಲ್ಲಿ ಸಭೆಯ ಹೊರಗಿನ ನೆರೆಯವರನ್ನೂ ಸೇರಿಸಿಕೊಳ್ಳಬೇಕು. ಕೋಳಿಗಳು ಬೇಲಿಯನ್ನು ದಾಟುವಾಗ ಯಾವ ಮತದ ಹಿತ್ತಲೆಂದು ಕೇಳುವದಿಲ್ಲ, ರೋಗವೂ ಕೇಳುವದಿಲ್ಲ. ನೆರೆಯವರ ಕೋಳಿಗಳು ಉಳಿಯದೆ ನಮ್ಮವು ಉಳಿಯುವದು ಕಷ್ಟ.

೭. ಸತ್ಯವೂ ಪ್ರೀತಿಯೂ

ಕೋಳಿಯು ಸೀನುವದನ್ನು ಕಂಡೊಡನೆ ಸಾಯುವದಕ್ಕೆ ಮುಂಚೆ ಸಂತೆಗೆ ಒಯ್ದು ಮಾರಿಬಿಡುವದು ಹಳ್ಳಿಗಳಲ್ಲಿ ಜಾಣತನವೆಂದು ಎಣಿಸಲ್ಪಡುತ್ತದೆ. ಆದರೆ ಆ ಜಾಣತನದ ಬೆಲೆಯನ್ನು ಕೊಡುವವನು ಕೊಂಡವನು. ಅವನ ಗೂಡಿನಲ್ಲಿ ರೋಗವು ಬಿದ್ದಾಗ ನಮ್ಮ ಕೈಯಲ್ಲಿರುವ ಹಣವು ಏನಾಗಿದೆ? ಇನ್ನೊಬ್ಬರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ನಾವು ಅವರಿಗೆ ಮಾಡಬೇಕೆಂಬ ಕರ್ತನ ಆಜ್ಞೆಯು ಸಂತೆಯ ದಿನದಲ್ಲಿ ರಜೆ ತೆಗೆದುಕೊಳ್ಳುವದಿಲ್ಲ. ದೋಷವುಳ್ಳ ಪಶುವನ್ನು ಕಾಣಿಕೆಯಾಗಿ ತಂದವರನ್ನು ಮಲಾಕಿಯ ಪ್ರವಾದಿಯು ಗದರಿಸಿದ್ದನ್ನೂ ಸುಗ್ಗಿಯ ಹಬ್ಬಕ್ಕೆ ಮುಂಚೆ ನೆನಸಿಕೊಳ್ಳುವದು ಒಳ್ಳೇದು. ಕೊಡುವದಕ್ಕೆ ಆರೋಗ್ಯವುಳ್ಳ ಹೇಂಟೆ ಇಲ್ಲದಿದ್ದರೆ ಒಂದು ಹಿಡಿ ರಾಗಿಯೇ ಸಾಕು.

ರೋಗವು ಮನೆಗೆ ಬಂದರೆ ನಾಚಿಕೆಯಿಂದ ಅಡಗಿಸದೆ ನೆರೆಯವರಿಗೆ ಆ ದಿನವೇ ತಿಳಿಸಿರಿ. ಅವರು ತಮ್ಮ ಕೋಳಿಗಳನ್ನು ಕಟ್ಟಿಹಾಕಿ ಉಳಿಸಿಕೊಳ್ಳುವರು. ಸತ್ತ ಕೋಳಿಯನ್ನು ಹಳ್ಳಕ್ಕಾಗಲಿ ದಾರಿಗಾಗಲಿ ಎಸೆಯದೆ, ನಾಯಿಗೂ ಹಾಕದೆ, ಬಾವಿಯಿಂದ ದೂರದಲ್ಲಿ ಆಳವಾದ ಕುಳಿಯನ್ನು ತೆಗೆದು ಸುಣ್ಣ ಹಾಕಿ ಹೂಣಿರಿ. ರೋಗದಿಂದ ಸತ್ತದ್ದನ್ನು ತಿನ್ನಬೇಡಿರಿ, ಯಾರಿಗೂ ಕೊಡಲೂ ಬೇಡಿರಿ.

ಆ ವಿಧವೆಯ ಮನೆಗೆ ನಾವು ಮರುವರ್ಷ ಹೋದೆವು. ಅವಳು ಒಂದು ಹುಂಜವನ್ನೂ ಮೂರು ಹೇಂಟೆಗಳನ್ನೂ ಪುನಃ ಕೂಡಿಸಿಕೊಂಡಿದ್ದಳು. ಹಿತ್ತಲಿನ ಮೂಲೆಯಲ್ಲಿ ಬೇರೆಯಾಗಿ ಒಂದು ಮಂಕರಿಯು ಬೋರಲಾಗಿತ್ತು. ಅದು ಯಾತಕ್ಕೆಂದು ಕೇಳಲಾಗಿ, “ಹೊಸತಾಗಿ ಬಂದವಳು ಅಲ್ಲಿ ಒಂದು ತಿಂಗಳು ಇರಬೇಕು, ಅಯ್ಯನವರೇ, ಆಮೇಲೆಯೇ ಮನೆಯವಳಾಗುವದು” ಎಂದಳು. ನಮ್ಮ ಪಾಠವನ್ನು ಅವಳು ನಮಗಿಂತ ಮೊದಲೇ ಕಲಿತಿದ್ದಳು. ಪ್ರತಿ ಮನೆಯ ಹಿತ್ತಲಿನಲ್ಲಿಯೂ ಅಂಥಾ ಒಂದು ಮಂಕರಿ ಇರಲಿ ಎಂಬದೇ ನಮ್ಮ ಬೇಡಿಕೆ.

ಕೂಟಗಳಲ್ಲಿ ಕೇಳತಕ್ಕ ಪ್ರಶ್ನೆಗಳು

೧. ರೋಗದ ಶಬ್ದವನ್ನು ರಾತ್ರಿಯಲ್ಲಿ ಯಾಕೆ ಕೇಳಬೇಕು?
೨. ಗೂಡಿನ ಘಾಟನ್ನು ಕೂತುಕೊಂಡೇ ಯಾಕೆ ಪರೀಕ್ಷಿಸಬೇಕು?
೩. ಬಾತ ಮುಖ, ಕಣ್ಣಿನ ನೊರೆ, ಕಪ್ಪು ಹಕ್ಕಳೆ, ತಿರುಚಿದ ಕತ್ತು, ಇವು ಯಾವ ಯಾವ ರೋಗದ ಚಿಹ್ನೆಗಳು? ಇವುಗಳಲ್ಲಿ ಔಷಧವಿಲ್ಲದವು ಯಾವವು?
೪. ಕೋಳಿಯ ಬಾಯಿಗೆ ಎಣ್ಣೆ ಸುರಿಯುವದರಿಂದ ಏನಾಗುವದು?
೫. ನಮ್ಮ ಊರಲ್ಲಿ ಎಷ್ಟು ಮನೆಗಳು ಕೂಡಿದರೆ ಲಸಿಕೆಯ ಒಂದು ಸೀಸೆಯು ವ್ಯರ್ಥವಾಗದೆ ಮುಗಿಯುವದು? ಆ ದಿನವನ್ನು ಯಾವಾಗ ಗೊತ್ತುಮಾಡೋಣ?